ಲಕ್ಷಣ ಸಿಗದ ಲಕ್ಷ್ಯ

ಮನಾಮದ ಗುದೈಬಿಯಾ ಓಣಿಯಲ್ಲಿ
ದರ್ಜಿಗೂ ಗಡಿಯಾರ ರಿಪೇರಿಯವನಿಗೂ ನಡುವೆ
ನಮ್ಮ ಟೈಪಿಂಗ್ ಸೆಂಟರು.
ಒಳಗಿನ ಕುರ್ಚಿ ಧರಣಪ್ಪ ಇಂದ್ರರದು.
ಅಲಂಕಾರಶಾಸ್ತ್ರದಲ್ಲಿ ಎಂ.ಎ., ವೀಸಾದಲ್ಲಿ ಕ್ಲೀನರ್.
"ರೂಪಕವಲ್ಲ ಮಾರಾಯ," ಅನ್ನುತ್ತಿದ್ದರು,
"ಬರೀ ಏಜೆಂಟನ ತಪ್ಪು."

ಅರ್ಜಿಯಲ್ಲಿ ಉಪಮೆ ನಡೆಯುವುದಿಲ್ಲ.
ನಾಯಿಯ ಹಾಗೆ ದುಡಿಸಿದರು ಎಂದು ಬಂದವನು ಅತ್ತರೆ
ಕೀಲಿಯ ಮೇಲೆ ಬೆರಳು ನಿಲ್ಲಿಸಿ ಕೇಳುವರು:
ದಿನಕ್ಕೆ ಎಷ್ಟು ಗಂಟೆ?
ಹದಿನಾಲ್ಕು.
ಅರ್ಜಿಗೆ ಹದಿನಾಲ್ಕು ಹೋಗುವುದು.
ನಾಯಿ ಮಾತ್ರ ರಾತ್ರಿ
ನೀಲಿ ರಟ್ಟಿನ ಪುಸ್ತಕಕ್ಕೆ ಬಂದು ಮಲಗುವುದು,
ಹೇಳಿದವನ ಹೆಸರು, ಊರು, ತಾರೀಖಿನ ಜೊತೆ.
ಹಳಬರ ಲಕ್ಷ್ಯಗಳೆಲ್ಲ ತಾವರೆ, ಚಂದ್ರ, ಆನೆಯ ನಡಿಗೆ.
ಇವರವು ಬಾಕಿ ಸಂಬಳ, ನಿನ್ನೆಯ ಕುಬೂಸು,
ಏಳನೇ ಮಹಡಿಯ ಹಲಗೆ.

ಹೆಚ್ಚು ಪುಟ ತಿಂದದ್ದು ಅಪಹ್ನುತಿ.
ಇದು ಮುಖವಲ್ಲ, ಚಂದ್ರ ಎನ್ನುವ ಅಲಂಕಾರ.
ಊರಿಗೆ ಹೋಗುವ ಕಾಗದಗಳಲ್ಲಿ
ಜ್ವರವಲ್ಲ, ಇಲ್ಲಿಯ ಸೆಕೆ.
ಕೆಲಸ ಹೋದದ್ದಲ್ಲ, ಕಂಪನಿ ಕೊಟ್ಟ ರಜೆ.
ಮೊನ್ನೆ ಫೋನಿನಲ್ಲಿ ಅತ್ತದ್ದಲ್ಲ, ಲೈನಿನ ಗೊರಗೊರ.
ಮುನ್ನೂರ ಹನ್ನೊಂದು ಕೂಡಿಸಿ ಕೆಳಗೆ ಬರೆದರು:
ಸುಳ್ಳಲ್ಲ ಇದು. ಕೇಳುವವಳಿಗೆ ಗೊತ್ತು.
ಅವಳಿಗೆ ಗೊತ್ತೆಂಬುದು ಇವನಿಗೂ ಗೊತ್ತು.

ಪ್ರಬಂಧಗಳು ಬೇರೆ, ಇನ್‌ವಾಯ್ಸುಗಳ ಬೆನ್ನಿಗೆ.
ಲಿಫ್ಟಿನೊಳಗಿನ ಮೌನದ ಬಗ್ಗೆ ಒಂದು.
ಮಸೀದಿ ಮೆಟ್ಟಿಲಲ್ಲಿ ನನ್ನ ಎಡಗಾಲ ಚಪ್ಪಲಿಯಷ್ಟೇ ಹೋದದ್ದರ ಬಗ್ಗೆ
ಒಂಬತ್ತು ಹಾಳೆ.
ಹೊತ್ತು ಮುಳುಗುವ ಮುನ್ನ ಉಣ್ಣುವ ಜೈನ ಅವರು,
ಮುಳುಗಿದ ಮೇಲೆ ಉಪವಾಸ ಬಿಡುವ ಬ್ಯಾರಿ ನಾನು,
ರಮಝಾನಿನಲ್ಲಿ ನಮ್ಮಿಬ್ಬರಿಗೂ ಒಂದೇ ತಟ್ಟೆ:
ಅವರು ತೊಳೆದಿಡುವರು, ಒದ್ದೆಯಾಗಿಯೇ ನಾನು ಎತ್ತಿಕೊಳ್ಳುವೆ.
ಅದರ ಬಗ್ಗೆಯೂ ಬರೆದಿದ್ದರು, ಎಲ್ಲೋ ಕಳೆದುಹೋಯಿತು.
ತಟ್ಟೆ ಇದೆ.

ಮೇಲಿನ ಮನೆಯ ಅಬು ಸಲ್ಮಾನ್ ನಿವೃತ್ತ ಅರಬಿ ಮೇಷ್ಟ್ರು.
"ರೂಪಕಕ್ಕೆ ನಮ್ಮಲ್ಲಿ ಇಸ್ತಿಆರ.
ಅಂದರೆ, ಕಡ ತರುವುದು."
ಇಂದ್ರಣ್ಣ ಚಹಾ ಕೆಳಗಿಟ್ಟರು.
"ಕಡವೇ? ಹಾಗಾದರೆ ತಿರುಗಿ ಕೊಡಬೇಕಲ್ಲ?"
ಮುದುಕ ಗಡ್ಡ ನೀವಿದ.
"ನೀನು ಬಂದು ಎಷ್ಟು ವರ್ಷವಾಯಿತು?"

ಅದೇ ಮುದುಕ ಹೇಳಿದ್ದು,
ಈ ಊರ ಹೆಸರಿನಲ್ಲೇ ಎರಡು ಕಡಲಿವೆಯೆಂದು;
ಉಪ್ಪುನೀರಿನ ತಳದಲ್ಲಿ ಸಿಹಿ ಒರತೆಯಿತ್ತೆಂದು;
ಮುತ್ತಿಗೆ ಇಳಿದವರು ತೊಗಲ ಚೀಲ ಹಿಡಿದು
ಕುಡಿಯುವ ನೀರಿಗೂ ಇಳಿಯುತ್ತಿದ್ದರೆಂದು.
ಇಂದ್ರಣ್ಣ ಎರಡು ದಿನ ಧ್ವನಿಯ ಅಧ್ಯಾಯ ಮುಟ್ಟಲಿಲ್ಲ.
ಮೂರನೆಯ ದಿನ ಅರ್ಧ ಹರಿದು ಬಿಸಾಕಿದರು.

ತೊಂಬತ್ತೆಂಟರ ಜುಲೈ. ಯಾದಗಿರಿ ಕಡೆಯ ಸಾಬಣ್ಣ ಬಂದ.
ಸಲ್ಮಾಬಾದಿನ ಗೋದಾಮಿನಲ್ಲಿ ಅವನ ತಮ್ಮ
ಮೇಲಿನಿಂದ ಬಿದ್ದು ಆರು ದಿನ.
ಊರಿಗೆ ತಂತಿ ಕೊಡಬೇಕು.
"ಸತ್ತಾನ ಅಂತ ಬರೀಬ್ಯಾಡ್ರಿ ಸರ.
ಗುರುವಾರ ಬರ್ತಾನ, ಅಷ್ಟ ಬರೀರಿ."

ಬರೆದರು. ದುಡ್ಡು ಬೇಡ ಎಂದರು.
ಮಗ್ರಿಬ್ ಕೂಗಿ ಮುಗಿದರೂ
ಆ ದಿನ ತಟ್ಟೆ ಒಣಗಿಯೇ ಇತ್ತು.

ನೀಲಿ ಪುಸ್ತಕದ ಎಡಪುಟದಲ್ಲಿ ಸಾಬಣ್ಣನ ಮಾತು.
ಬಲಕ್ಕೆ ಅಲಂಕಾರದ ಹೆಸರು ಬರಬೇಕು.
ಅಪಹ್ನುತಿ ಎಂದು ಬರೆದು ಹೊಡೆದಿತ್ತು.
ಶ್ಲೇಷ, ಹೊಡೆದಿತ್ತು.
ಸ್ವಭಾವೋಕ್ತಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ;
ಆಮೇಲೆ ಅದನ್ನೂ,
ಹಾಳೆ ಹರಿಯುವಷ್ಟು ಒತ್ತಿ.

ಊರಿಗೆ ಮರಳಿದ ಮೇಲೆ ಅಚ್ಚು ಹಾಕಿಸಿದರು,
ಕಾರ್ಕಳದಲ್ಲಿ, ಇನ್ನೂರೈವತ್ತು ಪ್ರತಿ.
ಬಂದದ್ದು ಒಂದೇ ವಿಮರ್ಶೆ:
ಲಕ್ಷ್ಯಗಳಲ್ಲಿ ಕಾವ್ಯಗುಣ ಸಾಲದು.

ಒಳಗಿನ ಕುರ್ಚಿಯಲ್ಲಿ ಈಗ ನಾನು.
ಕಾಗದ ಬರೆಸುವವರು ಯಾರೂ ಇಲ್ಲ,
ಮೊಬೈಲಿಗೇ ಹೇಳಿಕೊಳ್ಳುತ್ತಾರೆ.
ಖಾಲಿ ಹೊತ್ತಿನಲ್ಲಿ ಅವರು ಕಳಿಸಿದ ಪ್ರತಿ ತೆಗೆಯುತ್ತೇನೆ.
ಕೊನೆಯಲ್ಲಿ ಮುದ್ರಕರು ಅಂಟಿಸಿದ ಒಪ್ಪೋಲೆ:
ಪುಟ ೧೪೭ ಖಾಲಿ ಬಿದ್ದಿದೆ, ಓದುಗರು ಕ್ಷಮಿಸಬೇಕು.
ಅದರ ಬದಿಗೆ ಪೆನ್ಸಿಲಿನಲ್ಲಿ
ಇಂದ್ರಣ್ಣನ ಸಣ್ಣ ಅಕ್ಷರ:
ಬಿದ್ದದ್ದಲ್ಲ.

ಮತ್ತೇನೆಂದು ಬರೆದಿಲ್ಲ.