ಎತ್ತುವಾಗ ಕಣ್ಣು

ಬ್ಯಾಡಗಿ. ಕೋಲ್ಡ್ ಸ್ಟೋರೇಜಿನ ಹಿಂದಿನ ಶೆಡ್ಡು.
ಮೆಣಸಿನಕಾಯಿ ಆರಿಸಲಿಕ್ಕೆ ತಂದ ಯಂತ್ರ
ಸುಮ್ಮನಿದ್ದಾಗ ಎಲ್ಲ ನೋಡುತ್ತದೆ:
ಕಡ್ಡಿ, ಡಬ್ಬಿ, ಬಿಳಿಗಾಯಿ, ಬರೀ ತೊಟ್ಟು.
ಕೈ ಎತ್ತಿತೋ, ಕಣ್ಣು ಕಪ್ಪು.
ಕಂಟ್ರೋಲರು ಮತ್ತೆ ಒಂದರಿಂದ ಎಣಿಸುತ್ತದೆ
ಈಗಷ್ಟೇ ಹುಟ್ಟಿದ ಹಾಗೆ.

ಮೂರು ದಿನ ಕ್ಯಾಮೆರಾಕ್ಕೆ ಬೈದೆ.
ಲೆನ್ಸಿನ ಮೇಲಿನ ಖಾರದ ಧೂಳು ಒರೆಸಿದೆ,
ಕೇಬಲ್ ಬದಲಿಸಿದೆ,
ಸೀನಿದೆ.
ಮೀಟರಿನ ಎರಡು ಮೊನೆ ಹಚ್ಚಿ ಕೂತಾಗ ಕಂಡಿತು:
ಸುಮ್ಮನಿದ್ದರೆ ಐದು ವೋಲ್ಟು,
ಕೈ ಎತ್ತಿದರೆ ನಾಲ್ಕಕ್ಕೂ ಚೂರು ಕಮ್ಮಿ.

ತೊಟ್ಟು ಮುರಿಯುತ್ತ ಕೂತ ದ್ಯಾಮವ್ವ
ತಲೆ ಎತ್ತದೆ ಅಂದಳು:
"ಚೀಲಾ ಎತ್ತೂ ಮುಂದ ನಾವೂ ಕಣ್ಣ ಮುಚ್ಚತೇವ್ರೀ.
ಅದರದೇನ್ ತಪ್ಪು?"

ಕೂದಲೆಳೆಯಂಥ ತಂತಿ ಕಿತ್ತು ದಪ್ಪದ್ದು ಎಳೆದೆ.
ಕಣ್ಣಿಗೊಂದು ದಾರಿ, ತೋಳಿಗೊಂದು ದಾರಿ,
ನೆಲ ಮಾತ್ರ ಎರಡಕ್ಕೂ ಒಂದೇ.
ಈಗ ಎತ್ತುವಾಗಲೂ ನೋಡುತ್ತದೆ,
ರೆಪ್ಪೆ ಬಡಿಯದೆ, ಇಡೀ ಪಾಳಿ.

ಸಂಜೆ ಹೊರಡುವಾಗ ನೋಡಿದೆ,
ದ್ಯಾಮವ್ವ ಅದರ ಎದುರಿನಿಂದ ಎದ್ದು
ತನ್ನ ಬುಟ್ಟಿಯನ್ನು
ಅದರ ಬೆನ್ನ ಹಿಂದಕ್ಕೆ ಸರಿಸಿಕೊಂಡಿದ್ದಳು.