ಉಳಿದ ಬಟ್ಟೆ

ಹೊಲಿಗೆ ಯಂತ್ರದ ಲೋಹದ ಕಾಲಿನಡಿ
ಬಟ್ಟೆಯ ಬದಲು ಇವತ್ತು ಗಾಳ.
ಕಾಲು ಇಳಿಸಿದರೆ ಕಚ್ಚಿ ಹಿಡಿಯುತ್ತದೆ, ಅಲ್ಲಾಡುವುದಿಲ್ಲ.
ಇದಕ್ಕೆಂದೇ ಪರದೇಶದಲ್ಲಿ ಒಂದು ಹಿಡಿಕೆ ಸಿಗುತ್ತದಂತೆ,
ಬೆಲೆ ಕೇಳಿ ನಕ್ಕುಬಿಟ್ಟೆ.

ಆಟಿ ತಿಂಗಳು. ಪಿತ್ರೋಡಿಯಲ್ಲಿ ಮದುವೆಯಿಲ್ಲ,
ಮದುವೆಯಿಲ್ಲದ ಮೇಲೆ ರವಕೆಯಿಲ್ಲ,
ಸಮುದ್ರಕ್ಕೂ ಸರಕಾರದ ಬೀಗ.
ಮಲ್ಪೆ ಧಕ್ಕೆಯಲ್ಲಿ ಬೋಟುಗಳು
ಕ್ಷೌರದಂಗಡಿಯಲ್ಲಿ ಸರದಿ ಕಾಯುವವರ ಹಾಗೆ
ಹೆಗಲಿಗೆ ಹೆಗಲು ತಾಗಿಸಿ ಕೂತಿವೆ.
ನನಗೆ ಬೋಟಿಲ್ಲ. ಇರುವುದು
ಅಳಿವೆ ಬಾಯಿಯ ಒಂದು ಕಲ್ಲು, ಒಂದು ಕೋಲು,
ಮತ್ತೆ ಈ ಬಿಸ್ಕತ್ತಿನ ಡಬ್ಬಿ.

ಡಬ್ಬಿಯಲ್ಲಿ ಏನುಂಟು ಕೇಳಿ:
ತನಿಯಪ್ಪಣ್ಣನ ಹುಂಜದ ಕುತ್ತಿಗೆಯ ಗರಿ,
ಅಂಕದಲ್ಲಿ ಸೋತದ್ದು,
ಸಾರಾಗುವ ಮುಂಚೆ ಓಡಿಹೋಗಿ ಬೇಡಿಕೊಂಡದ್ದು;
ಬಿಪಿ ಗುಳಿಗೆಯ ಬೆಳ್ಳಿ ಕಾಗದ; ಮಗಳ ಉಗುರು ಬಣ್ಣ;
ಮತ್ತೆ, ಹೇಳಲೋ ಬೇಡವೋ,
ನಲುವತ್ತು ವರ್ಷದ ಜರಿಯ ಚೂರುಗಳು.

‘ಬಟ್ಟೆ ಉಳಿಯಿತಾ?’ ಎಲ್ಲರೂ ಕೇಳುತ್ತಾರೆ.
‘ಎಲ್ಲಿಂದ ಅಕ್ಕ, ತೋಳಿಗೇ ಸಾಕಾಗಲಿಲ್ಲ.’
ಟೈಲರನ ಬಾಯಲ್ಲಿ ಈ ಮಾತು ಹಳೇ ಗುಂಡಿ,
ನೋಡದೆಯೂ ತೂತು ಸೇರುತ್ತದೆ.

ಈ ಕೆಂಪು, ಸೆವ್ರಿನ್ ಬಾಯಿಯ ಮಗಳ ಸಾಡೊ.
ಈ ನೇರಳೆ, ಬೇಬಿ ಟೀಚರು ನಿವೃತ್ತಿಯ ದಿನ ತೊಟ್ಟದ್ದು;
ಕಳೆದ ವರ್ಷ ಇದಕ್ಕೇ ಒಂದು ಕೆಂಬೇರಿ ಬಿದ್ದಿತ್ತು,
ತಲೆ ಅವರ ಮನೆಗೇ ಕೊಟ್ಟೆ, ಕಾರಣ ಹೇಳಲಿಲ್ಲ.
ಈ ಚಿನ್ನದ್ದು ವಾರಿಜಳದ್ದು.
ಅಳತೆ ಕೊಟ್ಟಳು, ಮುಂಗಡ ಕೊಟ್ಟಳು,
ಬೆನ್ನಿಗೆ ದಾರ ಇಡಿ ಎಂದಳು, ದಾರಕ್ಕೆ ಗೊಂಡೆ ಇಡಿ ಎಂದಳು.
ಮುಹೂರ್ತ ಕಳೆದು ಹದಿಮೂರು ವರ್ಷ.
ರವಕೆ ಮೊಳೆಯಲ್ಲಿ ಹಾಗೇ ಇದೆ.
ಕೇಳಬಾರದ್ದನ್ನು ಟೈಲರ್ ಕೇಳುವುದಿಲ್ಲ.

ಕಟ್ಟುವುದನ್ನು ಕಲಿಸಿದವನು ಕೈತಾನ,
ಬೋಟಿನ ವಿಂಚಿಗೆ ಕೊಟ್ಟು ಉಳಿದ ಏಳು ಬೆರಳಲ್ಲಿ.
ದಾರದ ತುದಿ ಹಲ್ಲಿನ ನಡುವೆ. ಗರಿಯನ್ನು ಹಿಂದಕ್ಕೆ ಸವರಿ
ಆರು ಸುತ್ತು, ಒಂದು ಗಂಟು, ಜರಿ, ಮತ್ತೆ ಆರು.
‘ಚಂದ ಮಾಡಬೇಡ ಮಾರಾಯ,’ ಬೈಯುತ್ತಿದ್ದ,
‘ಚಂದ ಎಲ್ಲ ಮದುಮಗಳಿಗೆ.
ಇದು ಹೆದರಿದ ಹಾಗೆ ಕಾಣಬೇಕು.
ಕೆಂಬೇರಿಗೆ ಹಸಿವಿರಲಿ, ಇಲ್ಲದಿರಲಿ,
ಎದುರಲ್ಲಿ ಏನೋ ತಪ್ಪಿಸಿಕೊಂಡು ಓಡಿತೋ,
ಅದರ ಬಾಯಿ ಸುಮ್ಮನಿರುವುದಿಲ್ಲ.’
ಕೈತಾನ ಹೋಗಿ ಮೂರು ಮಳೆಗಾಲವಾಯಿತು.
ಅವನು ಮೀನಿನ ಬಗ್ಗೆ ಮಾತ್ರ ಹೇಳುತ್ತಿದ್ದಾನೆ ಎಂದೇ
ಆಗ ತಿಳಿದಿದ್ದೆ.

ಇವತ್ತಿಗೆ ಹನ್ನೊಂದು.
ಬೆರಳಿಗೆ ಎರಡು ಸಲ ಚುಚ್ಚಿತು, ಕರೆಂಟು ನಾಲ್ಕು ಸಲ ಹೋಯಿತು.
ಹನ್ನೆರಡನೆಯದಕ್ಕೆ ಚಿನ್ನದ ಚೂರು ಮುಗಿದು
ಮೊಳೆಯಿಂದ ರವಕೆ ಇಳಿಸಿದೆ.
ಗೊಂಡೆಯ ಬುಡಕ್ಕೆ ಕತ್ತರಿ ಇಟ್ಟೆ.
ತೆಗೆದೆ.
ಉಳಿದದ್ದು ಬೇರೆ, ಹೊಲಿದು ಮುಗಿಸಿದ್ದು ಬೇರೆ.
ಒಳಹೊಲಿಗೆಯಲ್ಲಿ ಎರಡಿಂಚು ಬಿಟ್ಟಿದ್ದೇನೆ, ಈಗಲೂ ಬಂದರೆ
ಬಿಚ್ಚಿ ಕೊಡಬಹುದು, ಅರ್ಧ ಗಂಟೆಯ ಕೆಲಸ.

ಹೊಳೆ ಇನ್ನೂ ಕೆಂಪು.
ಅಳಿವೆಯ ನೀರಿನಲ್ಲಿ ಕಲ್ಲಿನ ಪಾದ ಕಾಣಲು
ಒಂಬತ್ತು ದಿನ ಬೇಕು. ಹತ್ತಾದರೂ ಆಯಿತು.
ಗಾಳಿ ಈ ಕಡೆ ತಿರುಗಿದಾಗ ಕೇಳುತ್ತದೆ,
ಯಾರೋ ಎಂಜಿನ್ ಎಬ್ಬಿಸಿ ನೋಡುತ್ತಿದ್ದಾರೆ:
ಕೆಮ್ಮುತ್ತದೆ, ನಿಲ್ಲುತ್ತದೆ, ಕೆಮ್ಮುತ್ತದೆ.

ಹನ್ನೆರಡನೆಯದಕ್ಕೆ ಬರೀ ಗರಿ, ಸೋತ ಹುಂಜದ್ದು.
ಮಗಳ ಕೆಂಪಿನಲ್ಲಿ ಒಂದು ಚುಕ್ಕಿ, ಕಣ್ಣು.
ಕಾಲು ಎತ್ತಿ, ಅಂಗೈಯಲ್ಲಿಟ್ಟು, ಊದಿದೆ.
ಓಡಲು ನೋಡಿತು.