ಅಳತೆ ಪುಸ್ತಕ

ಎರಡು ಸಮುದ್ರಗಳ ನಡುವೆ ಭೂಮಿ
ಸೊಂಟ ಸಣ್ಣ ಮಾಡಿಕೊಂಡ ಕಡೆ ನಮ್ಮ ದೇಶ.
ನಾನು ಎರ್ಮಿನಿಯಾ, ದರ್ಜಿ ಕ್ರಿಸಾಂತೊನ ಮಗಳು.
ಸೊಂಟದ ವಿಷಯ ನನಗೆ ಹೇಳಬೇಡಿ.

ಅಪ್ಪನ ಪುಸ್ತಕದಲ್ಲಿ ಅವನ ಮೊದಲ ಅಳತೆ:
ಕಿರೋವಾ, ಅನಾಕ್ಲೆತೊ. ಮೋಜಣಿದಾರ.
ಎದೆ ಮೂವತ್ತಾರು. ತೋಳು ಉದ್ದ. ಬಾಕಿ ಎರಡು ಪೆಸೊ.
ಕಾಫಿ ಗುಡ್ಡಗಳ ಮೇಲೆ ಸರಪಳಿ ಎಳೆದೂ ಎಳೆದೂ
ಬಲಭುಜ ಅರ್ಧ ಇಂಚು ಜಾರಿತ್ತು.
ಅಪ್ಪ ಅಲ್ಲಿ ಹತ್ತಿಯಿಟ್ಟು ಹೊಲಿದ;
ಆಮೇಲೆ ಗೋಡೆಗೋಡೆಯ ಪಟದಲ್ಲಿ ಕಂಡ ಆ ನೇರ ನಿಲುವು
ನಮ್ಮ ಅಂಗಡಿಯದು.

ಊರೂರಲ್ಲಿ ಅವನದು ಒಂದೇ ಮಾತು:
"ಕಾಗದದಲ್ಲಿ ನಿಮ್ಮ ಹೊಲ ಇರುವುದಕ್ಕಿಂತ ಸಣ್ಣದು.
ನನ್ನ ಸರಪಳಿ ಸುಳ್ಳಾಡುವುದಿಲ್ಲ."
ಜನ ವೋಟು ಹಾಕಿದ್ದು ಸರಪಳಿಗೆ.

ಎರಡನೆಯ ಅಳತೆ ಅಧ್ಯಕ್ಷರ ಪಟ್ಟಿಗೆ,
ಭುಜದಿಂದ ಸೊಂಟಕ್ಕೆ ಓರೆಯಾಗಿ ಇಳಿಯುವ ರೇಷ್ಮೆ.
ನನಗಾಗ ಹನ್ನೊಂದು. ಟೇಪಿನ ತುದಿ ಹಿಡಿದಿದ್ದೆ.
ಎದೆ ನಲವತ್ತು!
"ಉಸಿರು ಬಿಡಿ, ದೊನ್ ಅನಾಕ್ಲೆತೊ," ಎಂದ ಅಪ್ಪ,
"ನಾಲ್ಕು ವರ್ಷ ಹೀಗೇ ಹಿಡಿದಿರಲು ಆಗದು."

ನಾಲ್ಕು ವರ್ಷ ಎಲ್ಲಿ ಬಂತು.
ಹದಿನಾಲ್ಕು ತಿಂಗಳು. ಅದರಲ್ಲಿ ಒಂಬತ್ತು
ಅಳೆದೂ ಸುರಿದೂ ಕಳೆದ:
ಹಣ್ಣಿನ ಕಂಪನಿಯ ಬೇಲಿ ಮುಟ್ಟಲೇ, ಬೇಡವೇ,
ಈ ಮಳೆ ಕಳೆಯಲಿ, ಆ ಸಾಲ ಬರಲಿ,
ಕರ್ನಲ್ ಏನೆನ್ನುತ್ತಾನೋ.
ಕೊನೆಗೂ ಮುಟ್ಟಿದ್ದು ಒಂದು ಗುರುವಾರ.
ಶನಿವಾರ ರೇಡಿಯೊದಲ್ಲಿ ಬರೀ ಮಾರಿಂಬಾ,
ಸುದ್ದಿಯಿಲ್ಲ, ಬೆಳಗಿನಿಂದ ಬೈಗಿನವರೆಗೂ ಮಾರಿಂಬಾ.
ಭಾನುವಾರ ಪಟ್ಟಿಯ ಅಳತೆಗೆ ಇನ್ನೊಬ್ಬ ಬಂದ,
ಬಾಗಿಲಲ್ಲಿ ಇಬ್ಬರು ಸಿಪಾಯಿಗಳು.
ಅಪ್ಪ ಹೊಲಿದ. ಹೌದು, ಹೊಲಿದ.
ನಾವೂ ಅನ್ನ ತಿನ್ನುವವರೇ.

ಗಡಿಯಾಚೆ ಹದಿನೇಳು ವರ್ಷ
ರಾತ್ರಿ ಶಾಲೆಯಲ್ಲಿ ಬಸ್ ಕಂಡಕ್ಟರುಗಳಿಗೆ ತ್ರಿಕೋನ ಕಲಿಸಿದನಂತೆ.
ಕೇಳಿದ್ದಷ್ಟೇ. ಅಲ್ಲಿಯ ಅಳತೆ ನನ್ನಲ್ಲಿಲ್ಲ.

ಮೂರನೆಯದು ನನ್ನ ಕೈಬರಹ.
ಅದೇ ಕೋಟು ಕಂಕುಳಲ್ಲಿ ಮಡಚಿಕೊಂಡು ಬಂದ,
ಪಿಂಚಣಿ ಸಾಲಿನಿಂದ ನೇರ, ಕೈಯಲ್ಲಿನ್ನೂ ಚೀಟಿ.
"ಹೊಸದು ಬೇಡ. ಇದನ್ನೇ ಒಳಗೆ ಹಿಡಿ.
ಭುಜದ ಹತ್ತಿಯನ್ನೂ ತೆಗೆದುಬಿಡು ಮಗಳೇ,
ಜಾರಿದ್ದು ಜಾರಿದ ಹಾಗೇ ಇರಲಿ."
ಎದೆ ಮೂವತ್ತಮೂರು.
ಹೆಸರಿನ ಮುಂದೆ ಏನು ಬರೆಯಲಿ ಎಂದೆ. "ಮಾಜಿ..."
"ಮೋಜಣಿದಾರ," ಎಂದ.

ಹೊಲಿಗೆ ಬಿಚ್ಚುತ್ತಿದ್ದೆ. ಕಿಟಕಿ ನೋಡುತ್ತ ಕೇಳಿದ:
"ಆ ಭಾನುವಾರ ಬಂದವನದು... ಎದೆ ಎಷ್ಟಿತ್ತು?"
ಕೈ ನಿಂತಿತು. ಅಪ್ಪನ ಪುಟ ತಿರುವಿದೆ.
ನಲವತ್ತನಾಲ್ಕು.
ಸ್ವಲ್ಪ ಹೊತ್ತು ಲೆಕ್ಕ ಹಾಕಿದ.
ಆಮೇಲೆ ನಕ್ಕ, ಕೆಮ್ಮು ಬರುವ ತನಕ:
"ಅವನೂ ಉಸಿರು ಹಿಡಿದಿದ್ದ."

ಕಂಪನಿಯ ಬೇಲಿ ಇದ್ದಲ್ಲೇ ಇದೆ.
ಆ ಹತ್ತಿಯ ಉಂಡೆ ನನ್ನ ಗುಂಡಿಡಬ್ಬಿಯ ಪಕ್ಕ,
ಹಳದಿಯಾಗಿದೆ,
ಸೂಜಿ ಚುಚ್ಚಿಡಲು ಚೆನ್ನಾಗಿದೆ.